3 ಹಾರ್ಟ್ ಹೇಳಿ 1100 ಕೊಟ್ಟೆ: ಪ್ರಿಎಂಪ್ಟ್ ಮಾಡುವುದನ್ನೇ ಬಿಡಬೇಕಾ?

ಮೈಸೂರು_ಪಾರ್ಟ್ನರ್ · ಶನಿವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಇವತ್ತು ಬ್ರಿಜ್ ಕ್ಲಬ್ಬಿನಲ್ಲಿ ಆಡಿದ ಒಂದು ಕೈ ಇನ್ನೂ ತಲೆಯಿಂದ ಇಳಿದಿಲ್ಲ. ಊಟಕ್ಕೆ ಕೂತರೂ ಅದೇ ಹದಿಮೂರು ಎಲೆ ಕಣ್ಣ ಮುಂದೆ ಬರುತ್ತಿವೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಪಾರ್ಟ್ನರ್ ನಮ್ಮ ಸೋದರಮಾವ. 2018ರಲ್ಲಿ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಪ್ರಣಬ್ ಬರ್ಧನ್ ಮತ್ತು ಶಿಬನಾಥ್ ಸರ್ಕಾರ್ ಜೋಡಿ ಬ್ರಿಜ್‌ನಲ್ಲಿ ಚಿನ್ನ ಗೆದ್ದರಲ್ಲ, ಆ ದಿನ ಮಾವನ ಸಂತೋಷ ನೋಡಬೇಕಿತ್ತು. ಬರ್ಧನ್ ಅವರಿಗೆ ಆಗ 60 ವರ್ಷ. "ನೋಡೋ, ಈ ವಯಸ್ಸಿನಲ್ಲೂ ದೇಶಕ್ಕೆ ಪದಕ ತರಬಹುದು" ಎಂದು ಮಾವ ಮನೆಯಲ್ಲೆಲ್ಲ ಓಡಾಡಿದರು. ಮಾರನೇ ವಾರ ಎರಡು ಕಟ್ಟು ಇಸ್ಪೀಟ್ ತಂದು ನನ್ನನ್ನು ಕೂರಿಸಿಕೊಂಡು ಕಲಿಸಿದರು. ಅಂದಿನಿಂದ ನಾವಿಬ್ಬರೂ ಜೋಡಿ.

ಇವತ್ತು ತಂಡಗಳ ಆಟ, ಇಂಪ್ ಲೆಕ್ಕ (ಅದೇ ಎಲೆಗಳನ್ನು ಇನ್ನೊಂದು ಮೇಜಿನಲ್ಲೂ ಆಡಿ, ಎರಡರ ಅಂಕದ ವ್ಯತ್ಯಾಸವನ್ನು ಇಂಪ್ ಆಗಿ ಬದಲಿಸುವುದು). ನಾವು ವಲ್ನರಬಲ್ (ಅಂದರೆ ಸೋತರೆ ದಂಡ ಜಾಸ್ತಿ), ಅವರು ಅಲ್ಲ. ಬಲಗಡೆಯವರು ಡೀಲರ್ (ಮೊದಲು ಮಾತಾಡುವವರು), ಪಾಸ್ ಹೇಳಿದರು. ನನ್ನ ಕೈ ಹೀಗಿತ್ತು:

♠ 5
♥ ರಾಜ, ಗುಲಾಮ, 8, 7, 5, 4, 2
♦ ರಾಣಿ, 6, 3
♣ 8, 4

ಏಳು ಹಾರ್ಟ್, ಆರು ಪಾಯಿಂಟ್ (ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1). ಪ್ರಿಎಂಪ್ಟ್ ಅಂದರೆ ಒಂದೇ ಬಣ್ಣ ಉದ್ದವಿರುವ ಬಡ ಕೈಯಲ್ಲಿ, ಎದುರಾಳಿಗೆ ಮಾತಾಡಲು ಜಾಗ ಬಿಡದ ಹಾಗೆ ಮೊದಲೇ ಎತ್ತರದ ಬಿಡ್ (ಕರೆ) ಹೇಳುವುದು. ಓದಿದ್ದೆಲ್ಲ ಇಂಥ ಕೈಗೇ ಅಲ್ವಾ ಅಂದುಕೊಂಡು ಬಾಕ್ಸ್‌ನಿಂದ 3 ಹಾರ್ಟ್ ತೆಗೆದಿಟ್ಟೆ. ಅಂದರೆ ಹಾರ್ಟ್ ಟ್ರಂಪ್ (ತುರುಫು) ಮಾಡಿ, 3ಕ್ಕೆ 6 ಸೇರಿಸಿ, 9 ಟ್ರಿಕ್ (ನಾಲ್ವರೂ ಒಂದೊಂದು ಎಲೆ ಹಾಕುವ ಸುತ್ತು) ಗೆಲ್ಲುತ್ತೇನೆ ಎಂದು. ಎಡಗಡೆಯವರು ಪಾಸ್, ಮಾವ ಪಾಸ್, ಬಲಗಡೆಯವರು ಡಬಲ್ (ಅದು ಹಾಗೇ ನಿಂತರೆ ದಂಡ ಏರುತ್ತದೆ). ಅಲ್ಲಿಗೆ ನಿಂತಿತು. ಎಡಗಡೆಯವರ ಹತ್ತಿರ ಹಾರ್ಟ್ ಎಕ್ಕ, ರಾಣಿ, 10, 9 ಕೂತಿತ್ತು. ಮಾವ ಡಮ್ಮಿ ಇಳಿಸಿದಾಗ, ಅಂದರೆ ತಮ್ಮ ಎಲೆ ಮೇಜಿನ ಮೇಲೆ ತೆರೆದಿಟ್ಟಾಗ, ಹಾರ್ಟ್‌ನಲ್ಲಿ ಸಿಕ್ಕಿದ್ದು ಒಂಟಿ 6. ಹೊರಗೆ ಡೈಮಂಡ್ ಎಕ್ಕ, ಕ್ಲಬ್ ಎಕ್ಕ. ನನಗೆ ಬಂದದ್ದು ಟ್ರಂಪ್‌ನಲ್ಲಿ ಮೂರು ಟ್ರಿಕ್ ಮತ್ತು ಆ ಎರಡು ಎಕ್ಕ. ಒಟ್ಟು ಐದು. 4 ಡೌನ್ (ಹೇಳಿದ್ದಕ್ಕಿಂತ ನಾಲ್ಕು ಟ್ರಿಕ್ ಕಡಿಮೆ), ಡಬಲ್, ವಲ್ನರಬಲ್: 1100 ದಂಡ.

ಇನ್ನೊಂದು ಮೇಜಿನಲ್ಲಿ ಯಾರೂ ಪ್ರಿಎಂಪ್ಟ್ ಮಾಡಿರಲಿಲ್ಲ. ಅಲ್ಲಿ ಎದುರಾಳಿಗಳ ಎಲೆ ಹಿಡಿದ ನಮ್ಮ ತಂಡದವರು ನೋಟ್ರಂಪ್‌ನಲ್ಲಿ (ಟ್ರಂಪ್ ಇಲ್ಲದೆ) 8 ಟ್ರಿಕ್ ಮಾಡಿ 120 ತಂದಿದ್ದರು. 980 ವ್ಯತ್ಯಾಸ, 14 ಇಂಪ್ ಹೋಯಿತು. ಪಂದ್ಯ ಸೋತದ್ದು 9 ಇಂಪ್‌ನಿಂದ.

ಮಾವ ಅಲ್ಲಿ ಏನೂ ಹೇಳಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುವಾಗ, "ಸುಮ್ನೆ ಪಾಸ್ ಅಂದಿದ್ರೆ ಏನಾಗ್ತಿತ್ತು?" ಎಂದರು. ಅಷ್ಟೇ. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನೀವೇ ಹೇಳಿ, ಇಂಥ ಬಿಡ್ ಮಾಡುವುದನ್ನೇ ಬಿಟ್ಟುಬಿಡಬೇಕಾ?

---

ಹಳೇ_ಎಲೆ · ಶನಿವಾರ ರಾತ್ರಿ 11:15

ಬಿಡಬೇಡಪ್ಪ. ಆದರೆ ಈ ಕೈಯನ್ನು ಸರಿಯಾಗಿ ನೋಡೋಣ. ನಿನ್ನ ತಪ್ಪು ಪ್ರಿಎಂಪ್ಟ್ ಮಾಡಿದ್ದರಲ್ಲಿ ಇಲ್ಲ. ಈ ಹಾರ್ಟ್ ಇಟ್ಟುಕೊಂಡು, ಆ ವಲ್ನರಬಿಲಿಟಿಯಲ್ಲಿ, ಆ ಕುರ್ಚಿಯಲ್ಲಿ ಕೂತು ಮಾಡಿದ್ದರಲ್ಲಿ ಇದೆ.

ಒಂದು ಸಣ್ಣ ಬದಲಾವಣೆ ಮಾಡಿ ತೋರಿಸುತ್ತೇನೆ. ನಿನ್ನ ಡೈಮಂಡ್ ರಾಣಿಯನ್ನು ಕಿತ್ತು ಹಾರ್ಟ್‌ಗೆ ಸೇರಿಸು. ಜೊತೆಗೆ ಹಾರ್ಟ್ 8 ಮತ್ತು 4 ಕೊಟ್ಟು ಒಂದು 10 ತಗೋ, ಡೈಮಂಡ್‌ಗೆ ಒಂದು 8 ಇಡು. ಈಗ ಹಾರ್ಟ್ ರಾಜ, ರಾಣಿ, ಗುಲಾಮ, 10, 7, 5, 2. ಡೈಮಂಡ್ 8, 6, 3. ಆಗಲೂ ಏಳು ಹಾರ್ಟ್, ಆಗಲೂ ಆರೇ ಪಾಯಿಂಟ್. ಆದರೆ ಹಾರ್ಟ್‌ನಲ್ಲಿ ಹೋಗುವುದು ಎಕ್ಕ ಒಂದೇ. ಆರು ಟ್ರಿಕ್ ನಿನ್ನ ಕೈಯಲ್ಲೇ ಇದೆ. ಮಾವನ ಎರಡು ಎಕ್ಕ ಸೇರಿದರೆ ಎಂಟು. ಡಬಲ್ ಮಾಡಿದರೂ 1 ಡೌನ್, 200. ಎಡಗಡೆಯವರ ಹತ್ತಿರ ಟ್ರಂಪ್ ಎಕ್ಕ ಮತ್ತು ಸಣ್ಣ ಎಲೆ ಮಾತ್ರ ಇರುವುದರಿಂದ ಅವರು ಆ ಡಬಲ್ ಅನ್ನು ಹಾಗೇ ಬಿಡುವುದೂ ಕಷ್ಟ.

ಪಾಯಿಂಟ್ ಅಷ್ಟೇ, ಉದ್ದ ಅಷ್ಟೇ. ಒಂದು ಕೈಗೆ 200, ಇನ್ನೊಂದಕ್ಕೆ 1100. ಅದಕ್ಕೇ ನಾನು ಹುಡುಗರಿಗೆ ಪಾಯಿಂಟ್ ಎಣಿಸಬೇಡಿ, ಮೇಲಿನ ನಾಲ್ಕು ಎಲೆ ನೋಡಿ ಎನ್ನುತ್ತೇನೆ. 10, 9 ಅಂಥ ಎಲೆಗಳಿಗೆ ಪಾಯಿಂಟ್ ಇಲ್ಲದಿರಬಹುದು. ಪ್ರಿಎಂಪ್ಟ್‌ಗೆ ಅವೇ ಬೆನ್ನೆಲುಬು. ನಿನ್ನ ಕೈಯಲ್ಲಿ ಗುಲಾಮನ ಕೆಳಗೆ ನೇರ 8. ಆ 10, 9 ಎರಡೂ ಹೋಗಿ ಕೂತದ್ದು ಎಲ್ಲಿ ಅಂತ ನೀನೇ ಬರೆದಿದ್ದೀಯ.

ಇನ್ನು ಡೈಮಂಡ್ ರಾಣಿ. ಅದು ನಿನ್ನ ಆಟಕ್ಕೆ ಟ್ರಿಕ್ ತರಲಿಲ್ಲ. ಆದರೆ ಅವರು ಆಡಿದ್ದರೆ ಅವರಿಗೆ ಅಡ್ಡ ಬರುತ್ತಿತ್ತು. ಹೊರಗಿನ ರಾಣಿ, ಗುಲಾಮ ಜಾಸ್ತಿ ಇದ್ದಷ್ಟೂ ಪಾಸ್ ಹೇಳುವ ಕಡೆಗೆ ವಾಲಬೇಕು.

ಎರಡನೇ ಕುರ್ಚಿ (ಎರಡನೆಯವನಾಗಿ ಮಾತಾಡುವ ಜಾಗ) ಬಗ್ಗೆ ನಾಳೆ ಬರೆಯುತ್ತೇನೆ. ಕಣ್ಣು ಎಳೆಯುತ್ತಿದೆ.

---

ಮೂರನೇ_ಕುರ್ಚಿ · ಶನಿವಾರ ರಾತ್ರಿ 11:48

ಹಳೇ ಎಲೆ ಸರ್ ಹೇಳಿದ್ದೆಲ್ಲ ಒಪ್ಪುತ್ತೇನೆ. ಆದರೆ ನನಗೆ ಬೇಸರ ಆಗುವುದು ಬೇರೆ ವಿಷಯಕ್ಕೆ. 1100 ಹೋದ ಕೈಯನ್ನು ಎಲ್ಲರೂ ವರ್ಷಗಟ್ಟಲೆ ನೆನಪಿಡುತ್ತಾರೆ. ಪ್ರಿಎಂಪ್ಟ್‌ನಿಂದ ಗೆದ್ದ ಕೈ ಯಾರಿಗೂ ಕಾಣಿಸುವುದೇ ಇಲ್ಲ.

ಹೋದ ತಿಂಗಳ ಒಂದು ಕೈ. ನಾವು ವಲ್ನರಬಲ್ ಅಲ್ಲ, ಅವರು ವಲ್ನರಬಲ್. ಪಾರ್ಟ್ನರ್ ಪಾಸ್, ಬಲಗಡೆಯವರು ಪಾಸ್. ನನ್ನ ಹತ್ತಿರ ಸ್ಪೇಡ್ ರಾಣಿ, ಗುಲಾಮ, 10, 9 ಮತ್ತು ಮೂರು ಸಣ್ಣವು. ಬೇರೆ ಕಡೆ ಒಂದು ಚಿತ್ರದ ಎಲೆಯೂ ಇಲ್ಲ. ಮೂರೇ ಪಾಯಿಂಟ್. 3 ಸ್ಪೇಡ್ ಎಂದೆ.

ಎಡಗಡೆಯವರ ಕೈಯಲ್ಲಿ 20 ಪಾಯಿಂಟ್, ಸ್ಪೇಡ್‌ನಲ್ಲಿ ಎಕ್ಕ ಮತ್ತು ರಾಜ ಎರಡೇ, ಡೈಮಂಡ್ ನಾಲ್ಕು. ಅವರು ಎಲೆಗಳನ್ನು ಒಂದು ಸಲ ಮುಚ್ಚಿದರು, ಮತ್ತೆ ಬಿಡಿಸಿದರು. ಸೀಲಿಂಗ್ ಕಡೆ ನೋಡಿದರು. ಕೊನೆಗೆ 3 ನೋಟ್ರಂಪ್. ಅವರ ಪಾರ್ಟ್ನರ್‌ಗೆ ಐದು ಡೈಮಂಡ್ ಇದ್ದವು, ಹೇಳಲು ಜಾಗವೇ ಉಳಿದಿರಲಿಲ್ಲ. 600 ಬರೆದುಕೊಂಡು ಅವರು ಖುಷಿಯಾಗಿ ಎದ್ದು ಹೋದರು. ಇನ್ನೊಂದು ಮೇಜಿನಲ್ಲಿ ನನ್ನ ಜಾಗದಲ್ಲಿದ್ದವರು ಪಾಸ್ ಹೇಳಿದ್ದರು. ನಮ್ಮ ತಂಡದವರು ನಿಧಾನಕ್ಕೆ ಹತ್ತಿ ಹೋಗಿ 6 ಡೈಮಂಡ್ ಮಾಡಿದರು, 1370. ವ್ಯತ್ಯಾಸ 770, ನಮಗೆ 13 ಇಂಪ್.

ಆ 13 ಇಂಪ್‌ಗೆ ನಾನು ಮಾಡಿದ್ದು ಒಂದು ಮಾತು ಹೇಳಿದ್ದು, ಅಷ್ಟೇ. ಸ್ಕೋರ್ ಶೀಟ್‌ನಲ್ಲಿ ನನ್ನ ಬಿಡ್‌ನ ಗುರುತೂ ಇಲ್ಲ. ಮೈಸೂರಿನವರೇ, ನಿಮ್ಮ 14 ಇಂಪ್ ಎಲ್ಲರ ಬಾಯಲ್ಲೂ ಇರುತ್ತದೆ. ನನ್ನ 13 ಇಂಪ್ ನಾನು ಹೇಳಿದ್ದಕ್ಕೆ ನಿಮಗೆ ಗೊತ್ತಾಯಿತು. ದಯವಿಟ್ಟು ಬಿಡಬೇಡಿ.

---

ಕಲಿಯುವವಳು · ಭಾನುವಾರ ಬೆಳಿಗ್ಗೆ 8:20

ನಾನು ಬ್ರಿಜ್ ಕಲಿಯಲು ಶುರು ಮಾಡಿ ನಾಲ್ಕು ತಿಂಗಳಾಯಿತು. ಇದಕ್ಕೆ ಮೊದಲು ಮನೆಯಲ್ಲಿ ಇಪ್ಪತ್ತೆಂಟು ಅನ್ನುವ ಇಸ್ಪೀಟ್ ಆಟ ಆಡಿ ಗೊತ್ತು. ಅಲ್ಲಿ ಎಲೆ ಚೆನ್ನಾಗಿದ್ದರೆ ಮಾತ್ರ ಜಾಸ್ತಿ ಕರೆಯುತ್ತೇವೆ. ಇಲ್ಲಿ ಎಲೆ ಚೆನ್ನಾಗಿಲ್ಲ ಅಂತಲೇ ಮೇಲೆ ಕರೆಯುವುದು ಎಂದರೆ ನನ್ನ ತಲೆಗೆ ಇನ್ನೂ ಇಳಿಯುತ್ತಿಲ್ಲ. ಎದುರಾಳಿ ಬಾಯಿ ಕಟ್ಟಲು ಹೋಗಿ ನಮ್ಮ ಪಾರ್ಟ್ನರ್ ಬಾಯಿಯನ್ನೇ ಕಟ್ಟಿದರೆ?

---

ಲೆಕ್ಕದ_ಪುಸ್ತಕ · ಭಾನುವಾರ ಬೆಳಿಗ್ಗೆ 9:05

ತುಂಬ ಒಳ್ಳೆಯ ಪ್ರಶ್ನೆ ಕೇಳಿದ್ದೀರಿ ಮೇಡಂ. ಮೊದಲು ಜಾಗದ ಲೆಕ್ಕ ಹೇಳುತ್ತೇನೆ.

1 ಕ್ಲಬ್‌ನಿಂದ 7 ನೋಟ್ರಂಪ್‌ವರೆಗೆ ಒಟ್ಟು 35 ಬಿಡ್ ಇವೆ. ಯಾರಾದರೂ 3 ಹಾರ್ಟ್‌ನಲ್ಲಿ ಶುರು ಮಾಡಿದರೆ ಅದರಲ್ಲಿ 13 ಒಂದೇ ಏಟಿಗೆ ಹೋಯಿತು. ಜೋಡಿಗಳು ತಮ್ಮ ಕೈ ವಿವರಿಸಿಕೊಳ್ಳುವುದು ಮುಖ್ಯವಾಗಿ ಆ ಕೆಳಗಿನ ಬಿಡ್‌ಗಳಲ್ಲೇ. ಎಷ್ಟು ಪಾಯಿಂಟ್, ಯಾವ ಬಣ್ಣ ಉದ್ದ, ಗೇಮ್‌ಗೆ (ದೊಡ್ಡ ಬೋನಸ್ ಸಿಗುವ ಮಟ್ಟ) ಹೋಗಬೇಕೋ ಸ್ಲಾಮ್‌ಗೋ (12 ಅಥವಾ 13 ಟ್ರಿಕ್), ಎಲ್ಲ ಅಲ್ಲೇ ಮಾತಾಡುತ್ತಾರೆ. ಅದು ಇಲ್ಲದಿದ್ದರೆ ಊಹೆ ಮಾಡಬೇಕು. ಮೂರನೇ ಕುರ್ಚಿಯವರ ಕೈಯಲ್ಲಿ ಆದದ್ದು ಅದೇ.

ಈಗ ಬೆಲೆ. ಡಬಲ್ ಆದರೆ ವಲ್ನರಬಲ್ ಅಲ್ಲದವರಿಗೆ 1 ಡೌನ್‌ಗೆ 100, 2ಕ್ಕೆ 300, 3ಕ್ಕೆ 500, 4ಕ್ಕೆ 800, 5ಕ್ಕೆ 1100. ವಲ್ನರಬಲ್ ಆದವರಿಗೆ 200, 500, 800, 1100, 1400. ಇದನ್ನು ಎದುರಾಳಿಯ ಗೇಮ್ ಜೊತೆ ಇಟ್ಟು ನೋಡಿ. 4 ಹಾರ್ಟ್ ಅಥವಾ 4 ಸ್ಪೇಡ್ ಸರಿಯಾಗಿ ಮಾಡಿದರೆ ಅವರಿಗೆ 420, ವಲ್ನರಬಲ್ ಆಗಿದ್ದರೆ 620.

ಅವರು ವಲ್ನರಬಲ್, ನಾವಲ್ಲ: ನಾವು 3 ಡೌನ್ ಹೋದರೂ 500, ಅವರ 620ಕ್ಕಿಂತ ಕಡಿಮೆ. ಲಾಭ. ನಾವು ವಲ್ನರಬಲ್, ಅವರಲ್ಲ: 2 ಡೌನ್ ಹೋದರೇ 500, ಅವರ 420 ದಾಟಿತು. ಅಂದರೆ ಲಾಭ ಬೇಕಿದ್ದರೆ 1 ಡೌನ್ ಮಾತ್ರ. ಒಂದೇ ಕೈ, ಒಂದೇ ಬಿಡ್, ಎರಡು ಡೌನ್‌ಗಳ ವ್ಯತ್ಯಾಸ.

ಹಳೆಯ ಬ್ರಿಜ್ ಗುರು ಈಲಿ ಕಲ್ಬರ್ಟ್‌ಸನ್ ಕಾಲದಿಂದ ಬಂದ 2 ಮತ್ತು 3ರ ನಿಯಮ ಇದನ್ನೇ ಹೇಳುತ್ತದೆ. ವಲ್ನರಬಲ್ ಆಗಿದ್ದರೆ ನಿಮ್ಮ ಕೈಯಲ್ಲಿರುವ ಟ್ರಿಕ್‌ಗಿಂತ 2 ಜಾಸ್ತಿ ಹೇಳಿ, ಇಲ್ಲದಿದ್ದರೆ 3. ಎರಡರಲ್ಲೂ ನಷ್ಟ 500ಕ್ಕೆ ನಿಲ್ಲುತ್ತದೆ. ಈಗಿನವರು ಅದನ್ನು 2, 3, 4 ಎಂದು ಹಿಗ್ಗಿಸಿಕೊಂಡಿದ್ದಾರೆ: ನಾವು ಮಾತ್ರ ವಲ್ನರಬಲ್ ಆದರೆ 2, ಇಬ್ಬರದೂ ಸಮ ಇದ್ದರೆ 3, ಅವರು ಮಾತ್ರ ವಲ್ನರಬಲ್ ಆದರೆ 4. ಈ 4 ಸ್ವಲ್ಪ ಧೈರ್ಯದ ಮಾತು, 800 ಕೊಡಬೇಕಾಗಬಹುದು. 1987ಕ್ಕೆ ಮೊದಲು ಅದು 700 ಇತ್ತು. ಆ ವರ್ಷ ನಿಯಮ ಬದಲಾಗಿ ವಲ್ನರಬಲ್ ಅಲ್ಲದವರ ನಾಲ್ಕನೇ ಡೌನ್‌ನಿಂದ ಮುಂದಕ್ಕೆ ಒಂದೊಂದಕ್ಕೂ 300 ಆಯಿತು. ಆದರೂ ಜನ ಹೋಗುತ್ತಾರೆ, ಯಾಕೆಂದರೆ ಎದುರಾಳಿ ಪ್ರತಿ ಸಲ ಡಬಲ್ ಮಾಡುವುದಿಲ್ಲ. ಡಬಲ್ ಇಲ್ಲದೆ 4 ಡೌನ್ ಹೋದರೆ ಬರೀ 200.

ಮೈಸೂರಿನವರ ಕೈಗೆ ಬನ್ನಿ. ಆ ಹಾರ್ಟ್‌ನಲ್ಲಿ ನಂಬಿ ಎಣಿಸಬಹುದಾದದ್ದು ನಾಲ್ಕೂವರೆ, ಐದು ಟ್ರಿಕ್. ಐದಕ್ಕೆ ಎರಡು ಸೇರಿಸಿದರೆ ಏಳು. ಹೇಳಿದ್ದು ಒಂಬತ್ತು. ನಿಯಮದ ಪ್ರಕಾರ ಅದು ಪಾಸ್.

ಈ ವಲ್ನರಬಲ್ ಅನ್ನುವ ವಿಷಯವೇ ನನಗೆ ಬಹಳ ಇಷ್ಟ. 1925ರಲ್ಲಿ ಹೆರಾಲ್ಡ್ ವಾಂಡರ್‌ಬಿಲ್ಟ್ ಹಡಗಿನಲ್ಲಿ ಹೋಗುವಾಗ ಸ್ನೇಹಿತರ ಜೊತೆ ಕೂತು ಈಗಿನ ಕಾಂಟ್ರಾಕ್ಟ್ ಬ್ರಿಜ್‌ನ ಲೆಕ್ಕ ಹಾಕಿದರು. ಒಂದು ಗೇಮ್ ಗೆದ್ದ ಜೋಡಿಗೆ ದಂಡ ಜಾಸ್ತಿ ಎಂದು ಇಟ್ಟರು. ಅದಕ್ಕೆ ಹೆಸರು ಹೊಳೆಯಲಿಲ್ಲ. ಹಡಗಿನಲ್ಲಿದ್ದ ಒಬ್ಬ ಯುವತಿ "ವಲ್ನರಬಲ್" ಎಂಬ ಪದ ಕೊಟ್ಟಳಂತೆ. ಆ ಒಂದು ಏರ್ಪಾಟು ಇಲ್ಲದಿದ್ದರೆ ಪ್ರಿಎಂಪ್ಟ್‌ಗೆ ಯೋಚನೆಯೇ ಬೇಕಿರಲಿಲ್ಲ.

---

ಡಮ್ಮಿ_ಕೈ · ಭಾನುವಾರ ಬೆಳಿಗ್ಗೆ 10:30

@ಕಲಿಯುವವಳು, ಪಾರ್ಟ್ನರ್ ಬಾಯಿ ಕಟ್ಟುವ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನಮ್ಮ. ಹದಿನೈದು ವರ್ಷದಿಂದ ನಮ್ಮ ಯಜಮಾನರ ಎದುರು ಕೂತು ಆಡುತ್ತಿದ್ದೇನೆ. ಅವರಿಗೆ ಪ್ರಿಎಂಪ್ಟ್ ಎಂದರೆ ಪ್ರಾಣ.

ಅವರು 3 ಸ್ಪೇಡ್ ಎಂದರೆ ನನ್ನ ಬಾಯಿ ಕಟ್ಟಿದ ಹಾಗಲ್ಲ. ಉಳಿದ ಮೂವರಿಗಿಂತ ನನಗೇ ಜಾಸ್ತಿ ಗೊತ್ತಾಗುತ್ತದೆ. ಏಳು ಸ್ಪೇಡ್, ಹೊರಗೆ ಹೆಚ್ಚೇನಿಲ್ಲ. ಇಡೀ ಕೈಯನ್ನು ಒಂದು ಮಾತಲ್ಲಿ ಹೇಳಿಬಿಟ್ಟಿದ್ದಾರೆ. ಮುಂದಿನ ತೀರ್ಮಾನ ನನ್ನದು. ನಾನು ಏನೇ ಹೇಳಲಿ, ಅವರು ಮತ್ತೆ ಬಾಯಿ ಬಿಡಬಾರದು. ಈ ಒಪ್ಪಂದ ಇಲ್ಲದ ಜೋಡಿ ಪ್ರಿಎಂಪ್ಟ್ ಮಾಡಲೇಬಾರದು.

ಇದನ್ನು ನಾನು ಕಲಿತದ್ದು ಒಂದು ಕೈಯಿಂದ. ಅವರು 3 ಸ್ಪೇಡ್ ಎಂದರು. ನನ್ನ ಹತ್ತಿರ ಸ್ಪೇಡ್ ಒಂದೇ ಒಂದು ಸಣ್ಣದು. ಹಾರ್ಟ್ ಎಕ್ಕ ರಾಜ ಜೊತೆ ಎರಡು ಸಣ್ಣವು, ಡೈಮಂಡ್ ಎಕ್ಕ ರಾಜ ಜೊತೆ ಎರಡು ಸಣ್ಣವು, ಕ್ಲಬ್ ನಾಲ್ಕು ಸಣ್ಣವು. 14 ಪಾಯಿಂಟ್. ಸ್ಪೇಡ್ ಒಂದೇ ಇದೆ, ಅದರಲ್ಲಿ ಆಡುವುದು ಹೇಗೆ ಅಂತ 3 ನೋಟ್ರಂಪ್ ಹೇಳಿದೆ. ಡಮ್ಮಿ ಇಳಿಯಿತು: ಸ್ಪೇಡ್ ರಾಜ, ರಾಣಿ, ಗುಲಾಮ, 10 ಮತ್ತು ಮೂರು ಸಣ್ಣವು, ಉಳಿದ ಮೂರು ಬಣ್ಣದಲ್ಲೂ ಎರಡೆರಡು ಸಣ್ಣ ಎಲೆ. ನನ್ನ ಒಂಟಿ ಸ್ಪೇಡ್ ಆಡಿ ರಾಜ ಹಾಕಿದೆ. ಎಕ್ಕ ಇದ್ದವರು ಹಾಕದೆ ಸುಮ್ಮನಿದ್ದರು. ಅಲ್ಲಿಗೆ ಮುಗಿಯಿತು. ಡಮ್ಮಿಗೆ ಹೋಗಲು ಬೇರೆ ದಾರಿಯೇ ಇಲ್ಲ. ಅಷ್ಟು ಚಂದದ ಏಳು ಸ್ಪೇಡ್ ನನ್ನ ಕಣ್ಣೆದುರೇ ಕೂತಿದ್ದವು, ಮುಟ್ಟಲು ಆಗಲಿಲ್ಲ. ನನಗೆ ಬಂದದ್ದು ಐದು ಟ್ರಿಕ್, 4 ಡೌನ್.

4 ಸ್ಪೇಡ್ ಹೇಳಿದ್ದರೆ? ಅವರ ಆರು ಸ್ಪೇಡ್ ಟ್ರಿಕ್, ನನ್ನ ಎರಡು ಎಕ್ಕ, ಎರಡು ರಾಜ. ಸರಿಯಾಗಿ ಹತ್ತು.

ಅವತ್ತಿನಿಂದ ಪ್ರಿಎಂಪ್ಟ್ ಎದುರು ನಾನು ಪಾಯಿಂಟ್ ಎಣಿಸುವುದಿಲ್ಲ. ಎಕ್ಕ, ರಾಜ ಎಣಿಸುತ್ತೇನೆ. ರಾಣಿ ಗುಲಾಮರನ್ನು ಇಲ್ಲವೆಂದೇ ತಿಳಿಯುತ್ತೇನೆ. ಅವರ ಬಣ್ಣ ನನ್ನಲ್ಲಿ ಇಲ್ಲ ಎಂದು ಹೆದರಿ ಇನ್ನೊಂದು ಬಣ್ಣಕ್ಕೆ ಓಡುವುದಿಲ್ಲ. ಮೈಸೂರಿನವರೇ, ನಿಮ್ಮ ಮಾವ ಒಂಟಿ ಹಾರ್ಟ್ ಇಟ್ಟುಕೊಂಡು ಸುಮ್ಮನೆ ಕೂತರಲ್ಲ, ಡಬಲ್ ಬಂದ ಮೇಲೂ 3 ಸ್ಪೇಡ್ ಹೇಳಲಿಲ್ಲವಲ್ಲ, ಅದು ಪಳಗಿದ ಕೈಯ ಆಟ. ಅವರಿಗೆ ನನ್ನ ನಮಸ್ಕಾರ ತಿಳಿಸಿ.

---

ಕಲಿಯುವವಳು · ಭಾನುವಾರ ಬೆಳಿಗ್ಗೆ 10:52

ಅಕ್ಕಾ, ಈಗ ಅರ್ಥ ಆಯಿತು. ಆ ಡಮ್ಮಿ ಓದುವಾಗ ನನಗೇ ಸಂಕಟ ಆಯಿತು. ಪಾರ್ಟ್ನರ್ ಬಣ್ಣ ನನ್ನ ಹತ್ತಿರ ಜಾಸ್ತಿ ಇದ್ದು, ಬೇರೆ ಏನೂ ಇಲ್ಲದಿದ್ದರೆ ಏನು ಮಾಡಬೇಕು?

---

ಸಾಗರದಾಚೆ · ಭಾನುವಾರ ಬೆಳಿಗ್ಗೆ 11:40

ಅದಕ್ಕೆ ನಾನು ಹೇಳುತ್ತೇನೆ. ನಾನಿರುವುದು ನ್ಯೂಜೆರ್ಸಿಯಲ್ಲಿ, ಊರು ಶಿವಮೊಗ್ಗ. ರಾತ್ರಿ ಬಿಬಿಒದಲ್ಲಿ (ಬ್ರಿಜ್ ಆಡುವ ವೆಬ್‌ಸೈಟ್) ಊರಿನ ಸ್ನೇಹಿತರ ಜೊತೆಯೇ ಆಡುವುದು.

ಫ್ರಾನ್ಸಿನ ಜ್ಯಾನ್ ರೆನೆ ವೆರ್ನ್ 1960ರ ದಶಕದಲ್ಲಿ ಒಂದು ವಿಷಯ ಬರೆದು ಪ್ರಕಟಿಸಿದರು. ಎರಡೂ ಕಡೆಯ ಟ್ರಂಪ್ ಒಟ್ಟು ಎಷ್ಟಿದೆಯೋ, ಎರಡೂ ಕಡೆಗೆ ಸಿಗುವ ಟ್ರಿಕ್ ಒಟ್ಟು ಸರಿಸುಮಾರು ಅಷ್ಟೇ ಇರುತ್ತದೆ. ಪ್ರತಿ ಕೈಗೂ ಸರಿ ಹೋಗುವುದಿಲ್ಲ, ಆದರೆ ಆಶ್ಚರ್ಯ ಆಗುವಷ್ಟು ಸಲ ಸರಿ ಹೋಗುತ್ತದೆ. ಅಮೆರಿಕದಲ್ಲಿ ಮಾರ್ಟಿ ಬರ್ಗನ್ ಮತ್ತು ಲ್ಯಾರಿ ಕೋಹೆನ್ ಇದನ್ನೇ ಹಿಡಿದು ಆಡಿದರು. ಸುಲಭವಾಗಿ ಹೇಳಬೇಕೆಂದರೆ ನಿಮ್ಮಿಬ್ಬರ ಹತ್ತಿರ ಎಷ್ಟು ಟ್ರಂಪ್ ಇದೆಯೋ ಅಷ್ಟು ಟ್ರಿಕ್‌ನ ಮಟ್ಟಕ್ಕೆ ಹೋಗಿ. ಅವರದು ಏಳು, ನಿಮ್ಮದು ಮೂರು, ಒಟ್ಟು ಹತ್ತು. ಹಾಗಾಗಿ 4ರ ಮಟ್ಟ. ನಾಲ್ಕು ಇದ್ದರೆ 5ರ ಮಟ್ಟ. ಕೈ ಎಷ್ಟು ಬಡವಾಗಿದ್ದರೂ ಪರವಾಗಿಲ್ಲ. ಬಡವಾಗಿದ್ದಷ್ಟೂ ಎದುರಾಳಿಗೆ ಗೇಮ್ ಖಚಿತ, ಅದಕ್ಕೇ ಬೇಗ ಹೋಗಬೇಕು. ಮೊದಲು ಪಾಸ್ ಹೇಳಿ, ಅವರು 4 ಸ್ಪೇಡ್ ಅಂದ ಮೇಲೆ 5 ಅನ್ನುವುದು ಅರ್ಧ ಕೆಲಸ. ಅಷ್ಟು ಹೊತ್ತಿಗೆ ಅವರು ಮಾತಾಡಿ ಮುಗಿಸಿರುತ್ತಾರೆ.

ಹಳೇ ಎಲೆ ಸರ್‌ಗೆ ಒಂದು ಮಾತು. ನೀವು ಹೇಳುವ ಆ ರಾಜ, ರಾಣಿ, ಗುಲಾಮ, 10 ಇರುವ ಏಳು ಎಲೆ ಎಷ್ಟು ಸಲ ಬರುತ್ತದೆ ಸರ್? ಏಳು ಎಲೆಯ ಬಣ್ಣ ಬರುವುದೇ ನೂರು ಕೈಗೆ ಮೂರೂವರೆ ಸಲ. ಒಂದು ಸಂಜೆ 24 ಬೋರ್ಡ್ (ಒಂದೊಂದು ಸಲ ಹಂಚಿದ ಕೈ) ಆಡಿದರೆ ಒಂದು ಸಲವೂ ಬರದೆ ಹೋಗಬಹುದು. ಅದರಲ್ಲೂ ಚೆನ್ನಾಗಿರಲಿ ಎಂದು ಕಾದರೆ ತಿಂಗಳಿಗೆ ಒಂದು ಸಿಕ್ಕರೆ ಹೆಚ್ಚು. ನಮ್ಮ ಜೋಡಿ ಆರು ಎಲೆಗೂ 3ರ ಮಟ್ಟಕ್ಕೆ ಹೋಗುತ್ತದೆ, ವಲ್ನರಬಲ್ ಇಲ್ಲದಾಗ. ಆಗಾಗ ಏಟು ತಿನ್ನುತ್ತೇವೆ, ಒಟ್ಟು ಲೆಕ್ಕದಲ್ಲಿ ಮುಂದಿದ್ದೇವೆ.

---

ಹಳೇ_ಎಲೆ · ಭಾನುವಾರ ಮಧ್ಯಾಹ್ನ 3:10

ನ್ಯೂಜೆರ್ಸಿಯವರೇ, ನಿಮ್ಮ ಲೆಕ್ಕ ಸರಿ. ಏಳು ಎಲೆ ಅಪರೂಪ. ಆದರೆ ಅದಕ್ಕೆ ನನ್ನ ಉತ್ತರ ವೀಕ್ ಟೂ, ಅಂದರೆ ಆರು ಎಲೆಯ ಬಡ ಕೈಗೆ 2ರ ಮಟ್ಟದಲ್ಲಿ ಮಾಡುವ ಪ್ರಿಎಂಪ್ಟ್. ಆರು ಎಲೆ ಉದ್ದವಾಗಿರುವ ಕೈ ನೂರಕ್ಕೆ ಹದಿನಾರು, ಹದಿನೇಳು ಸಲ ಬರುತ್ತದೆ. 24 ಬೋರ್ಡ್‌ಗೆ ನಾಲ್ಕು. ಎಲ್ಲವೂ ವೀಕ್ ಟೂಗೆ ಹೊಂದುವುದಿಲ್ಲ, ಆದರೂ ಸಾಕಷ್ಟು ಸಿಗುತ್ತವೆ. ಅಮೆರಿಕದ ಆಟಗಾರ ಹೋವರ್ಡ್ ಶೆಂಕೆನ್ ಅದನ್ನು ಜನಪ್ರಿಯ ಮಾಡಿದ್ದು ಸುಮ್ನೆ ಅಲ್ಲ. 2ರ ಮಟ್ಟದಲ್ಲಿ ಒಂದು ಡೌನ್ ಕಡಿಮೆ, ಕಿರುಕುಳ ಮಾತ್ರ ಸಾಕಷ್ಟು. ಮೈಸೂರಿನ ಹುಡುಗ ಮಾವನ ಜೊತೆ ಮೊದಲು ಇದನ್ನು ಕೂತು ಒಪ್ಪಿಕೊಳ್ಳಲಿ. ನಿಜ ಹೇಳಬೇಕೆಂದರೆ ಅವನ ಆ ಕೈಯನ್ನು, ಅವರೂ ನಾವೂ ಸಮ ಇದ್ದಿದ್ದರೆ, ನಾನು 2 ಹಾರ್ಟ್‌ನಲ್ಲಿ ಶುರು ಮಾಡುತ್ತಿದ್ದೆನೇನೋ. ಏಳು ಇದ್ದರೂ ಆರರ ಬೆಲೆ ಅಷ್ಟೇ ಅದಕ್ಕೆ.

ಈಗ ಕುರ್ಚಿ. ನಿನ್ನೆ ಬಿಟ್ಟಿದ್ದೆ.

ಮೊದಲನೇ ಕುರ್ಚಿಯಲ್ಲಿ ಇನ್ನೂ ಮೂವರು ಮಾತಾಡಿಲ್ಲ. ಅವರಲ್ಲಿ ಇಬ್ಬರು ಎದುರಾಳಿ, ಒಬ್ಬರು ನಮ್ಮವರು. ನಾನು ತೊಂದರೆ ಕೊಟ್ಟರೆ ಎದುರಾಳಿಗೆ ತಗಲುವ ಸಾಧ್ಯತೆ ಎರಡು ಪಾಲು. ಮೂರನೇ ಕುರ್ಚಿ ಇನ್ನೂ ಚೆಂದ. ಪಾರ್ಟ್ನರ್ ಪಾಸ್ ಹೇಳಿ ಆಗಿದೆ, ಬಲಗಡೆಯವರೂ ಪಾಸ್. ನನ್ನ ಕೈ ಖಾಲಿ ಇದ್ದರೆ ಎಡಗಡೆಯವರ ಹತ್ತಿರ ರಾಶಿ ಇದೆ ಎಂದೇ ಅರ್ಥ. ಅಲ್ಲಿ ಏನು ಬೇಕಾದರೂ ಹೇಳು, ನಾನು ಬೈಯುವುದಿಲ್ಲ. ಎರಡನೇ ಕುರ್ಚಿ ಹಾಗಲ್ಲ. ಒಬ್ಬ ಎದುರಾಳಿ ಆಗಲೇ ಪಾಸ್ ಹೇಳಿದ್ದಾನೆ. ಉಳಿದವರು ಒಬ್ಬ ಎದುರಾಳಿ, ಒಬ್ಬ ಪಾರ್ಟ್ನರ್. ಒಳ್ಳೇ ಕೈ ನಮ್ಮವರ ಹತ್ತಿರವೇ ಇರುವ ಸಾಧ್ಯತೆ ಸಮ ಸಮ. ಅಲ್ಲಿ ಪಾರ್ಟ್ನರ್ ನಂಬಿ ಎಣಿಸುವಂಥ ಕೈ ಇದ್ದರೆ ಮಾತ್ರ ಹೇಳಬೇಕು. ನಾಲ್ಕನೇ ಕುರ್ಚಿಯಲ್ಲಿ ತಡೆಯಲು ಯಾರೂ ಉಳಿದಿಲ್ಲ, ಪಾಸ್ ಹೇಳಿ ಎಲೆ ಕೆಳಗಿಡಬಹುದು. ಅಲ್ಲಿ 3 ಸ್ಪೇಡ್ ಎಂದರೆ 9 ಟ್ರಿಕ್ ಮಾಡುವ ಆಸೆ ಇದೆ ಎಂದರ್ಥ.

ಆರು ಎಲೆಗೆ 3ರ ಮಟ್ಟದ ವಿಷಯ. ಬಿಬಿಒದಲ್ಲಿ ವಾರಕ್ಕೆ ನಾಲ್ಕು ದಿನ ಒಂದೇ ಪಾರ್ಟ್ನರ್ ಜೊತೆ ಆಡುವವರಿಗೆ ಅದು ಸರಿ ಇರಬಹುದು. ಆದರೆ ಡಮ್ಮಿ ಕೈ ಮೇಡಂ ಬರೆದದ್ದನ್ನು ಇನ್ನೊಂದು ಸಲ ಓದಿ. ಅವರು ಯಜಮಾನರ ಕೈಯಲ್ಲಿ ಆರು ಸ್ಪೇಡ್ ಟ್ರಿಕ್ ಇದೆ ಎಂದು ಎಣಿಸಿದರು. ಆ ಎಣಿಕೆ ನಂಬಿಕೆಯಿಂದ ಬಂದದ್ದು. ಒಂದು ದಿನ ಏಳು, ಒಂದು ದಿನ ಆರು, ಒಂದು ದಿನ ರಾಣಿಯಿಂದ ಶುರು ಆಗುವ ಬಣ್ಣ ಎಂದಾದರೆ ಅವರು ಏನಂತ ಎಣಿಸಬೇಕು?

---

ಸಾಗರದಾಚೆ · ಭಾನುವಾರ ಮಧ್ಯಾಹ್ನ 3:45

ಎರಡನೇ ಕುರ್ಚಿ ವಿಷಯದಲ್ಲಿ ಸೋತೆ ಸರ್, ಅಲ್ಲಿ ನಾವೂ ಕಟ್ಟುನಿಟ್ಟು. ನಂಬಿಕೆ ವಿಷಯದಲ್ಲಿ ಪೂರ್ತಿ ಒಪ್ಪಲಾರೆ. ಒಪ್ಪಂದ ಸಡಿಲವಾಗಿದ್ದರೂ ಇಬ್ಬರಿಗೂ ಗೊತ್ತಿದ್ದರೆ ಅದೂ ನಂಬಿಕೆಯೇ. ನನ್ನ ಪಾರ್ಟ್ನರ್ ನಾನು 3 ಡೈಮಂಡ್ ಎಂದರೆ ಆರು ಎಂದೇ ಎಣಿಸುತ್ತಾನೆ.

ಇನ್ನೊಂದು: ಎಲ್ಲರೂ ಇಂಪ್ ಲೆಕ್ಕದಲ್ಲೇ ಮಾತಾಡುತ್ತಿದ್ದೀರಿ. ಜೋಡಿಗಳ ಆಟದಲ್ಲಿ, ಮ್ಯಾಚ್‌ಪಾಯಿಂಟ್‌ನಲ್ಲಿ (ಎಷ್ಟು ಜೋಡಿಗಿಂತ ಮೇಲಿದ್ದೀರಿ ಅನ್ನುವುದಷ್ಟೇ ಲೆಕ್ಕ), 1100 ಹೋದರೂ ಅದು ಒಂದು ಬೋರ್ಡಿನ ಸೊನ್ನೆ, ಅಷ್ಟೇ. 50 ಕಡಿಮೆಯಾಗಿ ಎಲ್ಲರಿಗಿಂತ ಕೆಳಗೆ ಬಂದರೂ ಅದೇ ಸೊನ್ನೆ. ಅಲ್ಲಿ ಕೈ ಬಿಚ್ಚಿ ಹೇಳಬಹುದು. ಹೆದರಬೇಕಾದದ್ದು 200ಕ್ಕೆ. ಎಲ್ಲರೂ 110, 140 ಎಂದು ಬರೆಯುವ ಕೈಯಲ್ಲಿ ಒಂದು 200 ಕೊಟ್ಟರೆ ಮುಗಿಯಿತು.

---

ಧಾರವಾಡ_ಡಬಲ್ · ಭಾನುವಾರ ರಾತ್ರಿ 9:00

ನಾನು ಮೇಜಿನ ಆ ಕಡೆಯಿಂದ ಮಾತಾಡುತ್ತೇನೆ. ಈ ಕೈಯಲ್ಲಿ ಎದುರಾಳಿಗಳು ಭಾಳ ಚಲೋ ಆಡಿದ್ದಾರೆ, ಅದನ್ನು ಯಾರೂ ಹೇಳಲಿಲ್ಲ.

ಎಡಗಡೆಯವರ ಹತ್ತಿರ ಹಾರ್ಟ್ ಎಕ್ಕ, ರಾಣಿ, 10, 9. ಕೈ ತುರಿಸುತ್ತದೆ, ಡಬಲ್ ಹೇಳಬೇಕು ಅನಿಸುತ್ತದೆ. ಆದರೆ ಅಲ್ಲಿ ಡಬಲ್ ಎಂದರೆ ಪಾರ್ಟ್ನರ್‌ಗೆ "ಉಳಿದ ಬಣ್ಣ ಯಾವುದಾದರೂ ಹೇಳು" ಎಂದರ್ಥ. ಅವರು ಮುಖದಲ್ಲಿ ಏನೂ ತೋರಿಸದೆ ಪಾಸ್ ಹೇಳಿದರು. ಬಲಗಡೆಯವರ ಹತ್ತಿರ ಹಾರ್ಟ್ ಒಂದೇ, 10 ಪಾಯಿಂಟ್ ಇರಬೇಕು. ಅವರು ಯೋಚಿಸಿದ್ದು ಇಷ್ಟೇ: ನನ್ನ ಹತ್ತಿರ ಹಾರ್ಟ್ ಒಂದೇ, ಮಾವನೂ ಎತ್ತಲಿಲ್ಲ. ಹಂಗಾದರೆ ಹಾರ್ಟ್ ಎಲ್ಲಿ ಹೋದವು? ಹಾರ್ಟ್ ಕಡಿಮೆ ಇರುವವರೇ ಡಬಲ್ ಮಾಡಬೇಕು. ಅದಕ್ಕೇ ಕಡಿಮೆ ಪಾಯಿಂಟ್ ಇದ್ದರೂ ಮಾಡಿದರು.

ಪ್ರಿಎಂಪ್ಟ್ ಎದುರು ಕೂತಾಗ ನಾನು ಪಾರ್ಟ್ನರ್ ಹತ್ತಿರ ಏಳೆಂಟು ಪಾಯಿಂಟ್ ಇದೆ ಎಂದೇ ಹಿಡಿದು ಹೇಳುತ್ತೇನೆ. ಅದಕ್ಕಿಂತ ಜಾಸ್ತಿ ಆಸೆಪಟ್ಟರೆ 3 ನೋಟ್ರಂಪ್‌ನಲ್ಲಿ ಮುಳುಗುತ್ತೇವೆ. ಅಷ್ಟೂ ಇಲ್ಲ ಎಂದು ಹೆದರಿದರೆ ಮೂರನೇ ಕುರ್ಚಿಯವರಂಥವರು ನಮ್ಮನ್ನು ದೋಚುತ್ತಾರೆ. ಮತ್ತೊಂದು, ಅವರು ವೀಕ್ ಹೇಳಿದ ಮೇಲೆ ನಾವೂ ವೀಕ್ ಹೇಳಲು ಹೋಗಬಾರದು. ಅಲ್ಲಿ ಜಂಪ್ (ಒಂದು ಮಟ್ಟ ಹಾರಿ ಹೇಳುವುದು) ಎಂದರೆ ಗಟ್ಟಿ ಕೈ.

ಇಷ್ಟು ಚಲೋ ಆಡುವ ಎದುರಾಳಿ ಪ್ರತಿ ವಾರ ಸಿಗುವುದಿಲ್ಲ. ಬೇರೆ ಜೋಡಿ ಆಗಿದ್ದರೆ ಅದೇ ಕೈಯಲ್ಲಿ ಎಡಗಡೆಯವರು 3 ನೋಟ್ರಂಪ್ ಹೇಳಿ ಒಂದೆರಡು ಡೌನ್ ಹೋಗುತ್ತಿದ್ದರು. ಆಗ ಈ ಚರ್ಚೆ ಶುರುವೇ ಆಗುತ್ತಿರಲಿಲ್ಲ.

---

ಮೈಸೂರು_ಪಾರ್ಟ್ನರ್ · ಮುಂದಿನ ಭಾನುವಾರ ಬೆಳಿಗ್ಗೆ 7:30

ಎಲ್ಲರಿಗೂ ಮನಸ್ಸು ತುಂಬಿ ಧನ್ಯವಾದ. ನಿಮ್ಮ ಉತ್ತರಗಳನ್ನೆಲ್ಲ ಮಾವನಿಗೆ ಓದಿ ಹೇಳಿದೆ. ಹಳೇ ಎಲೆ ಸರ್ ಡೈಮಂಡ್ ರಾಣಿಯನ್ನು ಹಾರ್ಟ್‌ಗೆ ತಂದ ಕೈಯನ್ನು ಮಾವ ಊಟದ ಮೇಜಿನ ಮೇಲೆ ಎಲೆ ಹರಡಿ ಎರಡು ಸಲ ಆಡಿ ನೋಡಿದರು. ಡಮ್ಮಿ ಕೈ ಮೇಡಂ ನಮಸ್ಕಾರ ಹೇಳಿದ್ದು ಕೇಳಿ ಮುಖ ಅರಳಿತು.

ಬುಧವಾರ ಕೂತು ಒಂದು ಹಾಳೆಯಲ್ಲಿ ಬರೆದುಕೊಂಡೆವು. ನಾವು ಮಾತ್ರ ವಲ್ನರಬಲ್ ಆಗಿದ್ದರೆ ಮೇಲಿನ ನಾಲ್ಕು ಎಲೆಯಲ್ಲಿ ಮೂರು ಇರಲೇಬೇಕು. ಎರಡನೇ ಕುರ್ಚಿಗೂ ಅದೇ. ಮೊದಲ ಮತ್ತು ಮೂರನೇ ಕುರ್ಚಿಯಲ್ಲಿ, ವಲ್ನರಬಲ್ ಇಲ್ಲದಾಗ, ನನ್ನ ಇಷ್ಟ. ಒಂದು ಸಲ ಹೇಳಿದ ಮೇಲೆ ನಾನು ಮತ್ತೆ ಮಾತಾಡುವ ಹಾಗಿಲ್ಲ.

ನಿನ್ನೆ ಒಂಬತ್ತನೇ ಬೋರ್ಡ್‌ನಲ್ಲಿ ಮೊದಲ ಕುರ್ಚಿ ನನ್ನದು. ಅವರು ವಲ್ನರಬಲ್, ನಾವಲ್ಲ. ಡೈಮಂಡ್ ರಾಜ, ರಾಣಿ, ಗುಲಾಮ ಜೊತೆ ನಾಲ್ಕು ಸಣ್ಣವು. ಹೊರಗೆ ಏನೂ ಇಲ್ಲ. ಬಾಕ್ಸ್ ಹತ್ತಿರ ಕೈ ಹೋದಾಗ ಹೋದ ವಾರದ 1100 ನೆನಪಾಯಿತು. ಬೆರಳು ಒಂದು ಕ್ಷಣ ನಿಂತಿತು. ಆಮೇಲೆ 3 ಡೈಮಂಡ್ ತೆಗೆದಿಟ್ಟೆ.

ಎಡಗಡೆಯವರು ಬಹಳ ಹೊತ್ತು ಯೋಚಿಸಿ ಪಾಸ್ ಹೇಳಿದರು. ಮಾವ ಕನ್ನಡಕ ಸರಿ ಮಾಡಿಕೊಂಡು 5 ಡೈಮಂಡ್ ಇಟ್ಟರು. ನನಗೆ ಎದೆ ಧಸಕ್ ಅಂದಿತು. ಬಲಗಡೆಯವರು ಡಬಲ್. ಡಮ್ಮಿ ಇಳಿದಾಗ ಮಾವನ ಹತ್ತಿರ ನಾಲ್ಕು ಡೈಮಂಡ್ ಇತ್ತು. ಏಳು ಮತ್ತು ನಾಲ್ಕು, ಹನ್ನೊಂದು. ಸಾಗರದಾಚೆಯವರು ಹೇಳಿದ ಲೆಕ್ಕವನ್ನೇ ಹಿಡಿದಿದ್ದರು.

2 ಡೌನ್, 300. ಇನ್ನೊಂದು ಮೇಜಿನಲ್ಲಿ 3 ಡೈಮಂಡ್ ಯಾರೂ ಹೇಳಲಿಲ್ಲ. ನಮ್ಮ ತಂಡದವರು ಆರಾಮವಾಗಿ 4 ಸ್ಪೇಡ್ ಮಾಡಿ 620 ತಂದರು. ನಮಗೆ 320 ಜಾಸ್ತಿ, 8 ಇಂಪ್.

ಮಾವ ಶೀಟ್‌ನಲ್ಲಿ 300 ಎಂದು ಬರೆಯುವಾಗ ಎಂದಿಗಿಂತ ಸ್ವಲ್ಪ ದೊಡ್ಡದಾಗಿ ಬರೆದರು. ಸ್ಕೂಟರ್‌ನಲ್ಲಿ ಮನೆಗೆ ಬರುವಾಗ ಹಿಂದೆ ಕೂತು ಭುಜ ತಟ್ಟಿ, "ಆ ಹಾಳೆಯಲ್ಲಿ ಇನ್ನೂ ಜಾಗ ಇದೆಯೇನೋ? ನಾಳೆ ವೀಕ್ ಟೂ ಬರೆಯೋಣ" ಎಂದರು.